ಟೋಪಿ ತೆಗೆದ ಮುಖ

“ಇದನ್ನ ಆಯುಧ ಅಂತ ಬರೆಸಿದವರು ಯಾರು?”

ಇನ್‌ಸ್ಪೆಕ್ಟರ್ ತನ್ನ ಮೇಜಿನ ಮೇಲಿದ್ದ ತುತ್ತೂರಿಯನ್ನು ಎತ್ತಿ ಹಿಡಿದಳು. ಹಿತ್ತಾಳೆಯದು. ಯಾರೋ ಅಕ್ಕರೆಯಿಂದ ದಿನವೂ ಉಜ್ಜಿ ಇಟ್ಟಂಥದ್ದು. ಅಗಲವಾದ ಬಾಯಿಯ ಅಂಚಿನಲ್ಲಿ ಮಾತ್ರ ಬೂಟಿನ ಹಿಮ್ಮಡಿಯಷ್ಟು ದೊಡ್ಡ ನೆಗ್ಗು. ಅದಕ್ಕೆ ಕಟ್ಟಿದ್ದ ಚೀಟಿಯಲ್ಲಿ ‘ಲೋಹದ ಆಯುಧ, ಒಂದು’ ಎಂದಿತ್ತು.

“ನಾನೇ ಬರೆಸಿದ್ದು ಮೇಡಮ್,” ಎಂದರು ದಫೇದಾರರು. ಹಣೆಗೆ ದಪ್ಪ ಬ್ಯಾಂಡೇಜು ಸುತ್ತಿದ್ದರಿಂದ ಅವರ ಟೋಪಿ ತಲೆಯ ಮೇಲೆ ಕೂರದೆ ಕಂಕುಳು ಸೇರಿತ್ತು. “ಅದರಲ್ಲಿ ಬಾರಿಸಿದ್ರೆ ತಲೆ ಒಡೆಯಲ್ವಾ?”

“ನಿಮ್ಮ ತಲೆಗೆ ಬಿದ್ದಿದ್ದು ಕಲ್ಲು. ಇದರಿಂದ ಒಡೆಯೋದು ಕಿವಿ ಮಾತ್ರ. ಅದೂ ಅವನು ತಪ್ಪು ಊದಿದ್ರೆ.”

ದಫೇದಾರರು ನಗಲಿಲ್ಲ. ನಗುವಂಥ ವಿಷಯವೂ ಆಗಿರಲಿಲ್ಲ. ಬಂದರಿನ ಕಡೆಯ ಒಬ್ಬ ಯುವಕ ತನ್ನದೇ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದಾಗ, ಕದ್ದ ಮಾಲೆಂದು ಪೊಲೀಸರು ಹಿಡಿದು ಅವನ ಕೈ ಮುರಿದಿದ್ದರು. ಅದನ್ನು ವಿರೋಧಿಸಿ ಸೋಮವಾರ ಸಂಜೆ ಹೊರಟ ಮೆರವಣಿಗೆಯಲ್ಲಿ ಕಲ್ಲೊಂದು ತೂರಿಬಂದು ದಫೇದಾರರ ಹಣೆ ಸೀಳಿತ್ತು. ಅವರು ಆಸ್ಪತ್ರೆಯ ಮಂಚದಿಂದಲೇ ಹೇಳಿಕೆ ಕೊಟ್ಟದ್ದು ಆ ಮೆರವಣಿಗೆಯಲ್ಲಿ ತುತ್ತೂರಿ ಊದುತ್ತಿದ್ದವನ ಮೇಲೆ. ಬ್ಯಾಂಡಿನಲ್ಲಿ ಊದಿ ಹೊಟ್ಟೆ ಹೊರೆಯುವ ಆ ಮನುಷ್ಯ ಅಂದಿನಿಂದ ಲಾಕಪ್ಪಿನಲ್ಲಿದ್ದ.

ಇವತ್ತು ಗುರುತಿನ ಪರೇಡ್. ಸಾಲಿನಲ್ಲಿ ನಿಂತವರ ನಡುವೆ ದಫೇದಾರರು ಅವನನ್ನು ಗುರುತಿಸಿಬಿಟ್ಟರೆ ಮುಗಿಯಿತು, ವಿಚಾರಣೆ ಮುಗಿಯುವವರೆಗೆ ಅವನು ಜೈಲಿನಲ್ಲೇ ಕೊಳೆಯಬೇಕು. ಪೊಲೀಸನ ತಲೆ ಒಡೆದವನಿಗೆ ಜಾಮೀನು ಕೊಡುವ ಧಾರಾಳಿಗಳು ಆ ಊರಿನಲ್ಲಿ ಯಾರೂ ಇರಲಿಲ್ಲ.

“ನಿಮಗೆ ಪೂರ್ತಿ ಖಾತ್ರಿ ಇದೆಯಾ?” ಅವಳು ಕೇಳಿದಳು.

“ನನ್ನ ಕಣ್ಣು ಯಾವತ್ತಾದ್ರೂ ಮೋಸ ಮಾಡಿದೆಯಾ ಮೇಡಮ್? ದೀಪದ ಕಂಬದ ಕೆಳಗೇ ಇದ್ದ. ಕೈ ಎತ್ತಿದ್ದ. ಮುಖ ಎದುರಿಗೇ ಇತ್ತು. ಆಮೇಲೆ ಕಲ್ಲು ಬಿತ್ತು.”

ಅವರ ಕಣ್ಣಿಗೆ ಇಲಾಖೆಯಲ್ಲೆಲ್ಲ ಹೆಸರಿತ್ತು. ಸಂತೆಯ ಗದ್ದಲದಲ್ಲಿ ಬರೀ ನಡಿಗೆ ನೋಡಿ ಹಳೇ ಕಳ್ಳನನ್ನು ಹಿಡಿದ ಮನುಷ್ಯ. ಇನ್‌ಸ್ಪೆಕ್ಟರ್ ಹೊಸದಾಗಿ ಕೆಲಸಕ್ಕೆ ಸೇರಿದಾಗ ಬೆಲ್ಟು ಹೇಗೆ ಬಿಗಿಯಬೇಕು, ಮೇಲಿನವರ ಬೈಗುಳವನ್ನು ಯಾವ ಕಿವಿಯಲ್ಲಿ ಕೇಳಿ ಯಾವ ಕಿವಿಯಲ್ಲಿ ಬಿಡಬೇಕು ಎಂದೆಲ್ಲ ಕಲಿಸಿದವರೂ ಅವರೇ. ಆ ಋಣ ಅವಳಿಗೆ ನೆನಪಿತ್ತು. ಅದಕ್ಕೇ ಈ ಮಾತು ಆಡುವುದು ಅವಳಿಗೆ ಕಷ್ಟವಾಗುತ್ತಿತ್ತು.

“ಬಂದರಿನ ಕಡೆಯವರನ್ನೇ ನಾವು ಯಾಕೆ ಜಾಸ್ತಿ ನಿಲ್ಲಿಸ್ತೀವಿ ದಫೇದಾರ್ರೇ?”

“ಕಳ್ಳತನ ಆ ಕಡೆ ಜಾಸ್ತಿ ಸಿಗುತ್ತೆ. ಅದಕ್ಕೆ.”

“ಆ ಕಡೆಯವರ ಜೇಬನ್ನೇ ದಿನಾ ತಡಕಿದ್ರೆ ಸಿಗೋದೂ ಅಲ್ಲೇ. ಈ ಕಡೆಯವರ ಜೇಬಿಗೆ ಯಾವತ್ತಾದ್ರೂ ಕೈ ಹಾಕಿದೀರಾ?”

“ನನಗೆ ಬಣ್ಣ ಕಾಣಲ್ಲ ಮೇಡಮ್. ತಪ್ಪು ಕಾಣುತ್ತೆ.” ದಫೇದಾರರ ದನಿಯಲ್ಲಿ ನೋವಿತ್ತು. “ನೀವೂ ಆ ಕಡೆಯವರೇ ಅಲ್ವಾ? ಭೇದ ಅನ್ನೋದು ಇದ್ದಿದ್ರೆ ಆ ಕುರ್ಚೀಲಿ ಕೂರ್ತಿದ್ರಾ? ನಾನು ನಿಮಗೆ ಸೆಲ್ಯೂಟ್ ಹೊಡೀತಿದ್ನಾ?”

ಅವಳ ಅಜ್ಜನ ಅಜ್ಜಂದಿರು ಹಡಗಿನಿಂದ ಮೂಟೆ ಇಳಿಸಲು ಬಂದು ಆ ದಡದಲ್ಲೇ ನೆಲೆ ನಿಂತವರು. ಕಡುಗಪ್ಪು ಮೈ, ಬಾಚಣಿಗೆಗೆ ಬಗ್ಗದ ಗುಂಗುರು ಕೂದಲು. ಆ ಠಾಣೆಯಲ್ಲಿ ಆ ಕೂದಲಿನ ಮೇಲೆ ಟೋಪಿ ಇಟ್ಟುಕೊಂಡವರು ಇಬ್ಬರೇ: ಅವಳು ಮತ್ತು ಜೀಪಿನ ಡ್ರೈವರ್.

“ಹೋದ ತಿಂಗಳು ರಜೆ ಹಾಕಿ ಹೊಸ ಮಿಕ್ಸಿ ಕೊಂಡ್ಕೊಂಡು ಮನೆಗೆ ಹೋಗ್ತಿದ್ದೆ,” ಎಂದಳು ಅವಳು. “ಸೀರೆ ಉಟ್ಟಿದ್ದೆ. ನಮ್ಮವರೇ ಇಬ್ಬರು ನಿಲ್ಲಿಸಿ ಇದು ಯಾರ ಮನೆಯದ್ದು ಅಂತ ಕೇಳಿದ್ರು. ಗುರುತಿನ ಚೀಟಿ ತೋರಿಸಿದ ಮೇಲೆ ಸೆಲ್ಯೂಟ್ ಬಂತು. ಆ ಸೆಲ್ಯೂಟ್ ಚೀಟಿಗೆ ಹೊಡೆದಿದ್ದು ದಫೇದಾರ್ರೇ, ನನ್ನ ಮುಖಕ್ಕಲ್ಲ.”

ಅಷ್ಟರಲ್ಲಿ ಹೊರಗೆ ಮ್ಯಾಜಿಸ್ಟ್ರೇಟರ ಕಾರು ನಿಂತಿತು.

ಮ್ಯಾಜಿಸ್ಟ್ರೇಟರಿಗೆ ನೆಗಡಿ ಹಿಡಿದಿತ್ತು. ಕರವಸ್ತ್ರದಲ್ಲಿ ಮೂಗು ಮುಚ್ಚಿಕೊಂಡೇ ಅವರು ಠಾಣೆಯ ಅಂಗಳಕ್ಕೆ ಹೋದರು. ಜೀಪಿನ ಶೆಡ್ಡಿನ ಮುಂದೆ ಎಂಟು ಮಂದಿ ಆಗಲೇ ಸಾಲಾಗಿ ನಿಂತಿದ್ದರು. ಅವರ ನಡುವೆ ತುತ್ತೂರಿಯವನನ್ನು ನಿಲ್ಲಿಸುವುದೊಂದು ಬಾಕಿ.

ಇನ್‌ಸ್ಪೆಕ್ಟರ್ ಆ ಸಾಲನ್ನು ನೋಡಿ ಹಣೆ ಚಚ್ಚಿಕೊಂಡಳು.

ಪರೇಡಿಗೆ ಜನ ಬೇಕೆಂದರೆ ಎದುರಿನ ಚಹಾದಂಗಡಿಯಿಂದ ಕರೆತರುವುದು ಆ ಠಾಣೆಯ ಹಳೇ ರೂಢಿ. ಒಂದು ಲೋಟ ಚಹಾ ಸಿಕ್ಕರೆ ಯಾರ ಪಕ್ಕದಲ್ಲಿ ಬೇಕಾದರೂ ನಿಲ್ಲುವ ಪುಣ್ಯಾತ್ಮರು ಅವರು. ಎಂಟಕ್ಕೆ ಎಂಟೂ ಬೆಳ್ಳಗಿನ ಮೈಯ, ನೇರ ಕೂದಲಿನ ಮುಖಗಳು. ಇವರ ಮಧ್ಯೆ ತುತ್ತೂರಿಯವನನ್ನು ತಂದು ನಿಲ್ಲಿಸಿದರೆ ಅವನನ್ನು ಗುರುತಿಸಲು ದಫೇದಾರರ ಕಣ್ಣೇ ಬೇಕಿರಲಿಲ್ಲ. ಮೋಟುಗೋಡೆಯ ಮೇಲೆ ಮಲಗಿದ್ದ ಬೆಕ್ಕೂ ಗುರುತಿಸುತ್ತಿತ್ತು.

“ಈ ಸಾಲು ಆಗಲ್ಲ ಸಾರ್,” ಎಂದಳು ಅವಳು. “ಅವನ ಥರಾನೇ ಇರೋರು ಬೇಕು. ಅದೇ ಮೈಬಣ್ಣ, ಹೆಚ್ಚುಕಮ್ಮಿ ಅದೇ ವಯಸ್ಸು, ಅದೇ ಗಡ್ಡ.”

ಮ್ಯಾಜಿಸ್ಟ್ರೇಟರು ಒಮ್ಮೆ ಸೀನಿದರು. “ನಿಯಮದಲ್ಲಿ ಇರೋದು ಹಾಗೇ. ಆದ್ರೆ ನಿಮ್ಮ ಠಾಣೆಯಲ್ಲಿ ಅದನ್ನ ಕೇಳಿದವರು ನೀವೇ ಮೊದಲು. ಈಗ ಅಂಥವರನ್ನ ಎಲ್ಲಿಂದ ತರ್ತೀರಿ?”

“ಗೇಟಿನ ಹೊರಗೆ ಇದಾರೆ ಸಾರ್. ಬೇಕಾದಷ್ಟು ಜನ.”

ಗೇಟಿನ ಹೊರಗೆ ಬೆಳಗಿನಿಂದ ಜನ ನಿಂತಿದ್ದರು. ಕೈಯಲ್ಲಿ ‘ಸೈಕಲ್ ನನ್ನದೇ’ ಎಂಬ ಫಲಕಗಳು. ಮುಂದಿನ ಸಾಲಿನಲ್ಲಿ, ಮಡಚುವ ಕುರ್ಚಿ ತಂದಿದ್ದರೂ ಅದರ ಮೇಲೆ ಕೂರದೆ, ನೆಟ್ಟಗೆ ನಿಂತಿದ್ದಳು ಒಬ್ಬ ಹೆಂಗಸು. ಬಂದರಿನ ಶಾಲೆಯಲ್ಲಿ ತಲೆ ನೆರೆಯುವವರೆಗೆ ಗಣಿತ ಕಲಿಸಿದ ಟೀಚರ್. ಇನ್‌ಸ್ಪೆಕ್ಟರ್ ಅವಳ ಮಗಳು.

ತಾಯಿ ಮಗಳು ಒಂದೇ ಮನೆಯಲ್ಲಿದ್ದರು. ಬೆಳಿಗ್ಗೆ ಒಬ್ಬಳು ಯೂನಿಫಾರ್ಮಿಗೆ ಇಸ್ತ್ರಿ ಹಾಕುವಾಗ ಇನ್ನೊಬ್ಬಳು ಪಕ್ಕದಲ್ಲೇ ಕೂತು ಫಲಕಕ್ಕೆ ಮೊಳೆ ಹೊಡೆಯುತ್ತಿದ್ದಳು. “ನೀನು ಒಳಗಿಂದ ತಳ್ಳು, ನಾನು ಹೊರಗಿಂದ ತಳ್ತೀನಿ. ಬಾಗಿಲು ಎಷ್ಟು ದಿನ ಅಂತ ತಡೆಯುತ್ತೆ ನೋಡೋಣ,” ಎನ್ನುವುದು ತಾಯಿಯ ಮಾತು.

ಮಗಳು ಗೇಟಿನ ಆಚೆ ಬಂದಾಗ ಘೋಷಣೆ ನಿಂತಿತು. ಅವಳು ಸುತ್ತು ಬಳಸದೆ ವಿಷಯ ಹೇಳಿದಳು. ತುತ್ತೂರಿಯವನ ಥರ ಕಾಣುವ ಎಂಟು ಜನ ಬೇಕು. ಒಳಗೆ ಬಂದು ಸಾಲಿನಲ್ಲಿ ನಿಲ್ಲಬೇಕು. ಅಷ್ಟೇ.

ಯಾರೂ ಕದಲಲಿಲ್ಲ.

“ಒಳಗೆ ಹೋದವರು ವಾಪಸ್ ಬರ್ತಾರೆ ಅನ್ನೋದಕ್ಕೆ ಏನು ಗ್ಯಾರಂಟಿ ಇನ್‌ಸ್ಪೆಕ್ಟರಮ್ಮಾ?” ಹಿಂದಿನಿಂದ ಒಬ್ಬ ಕೂಗಿದ. “ನಿಮ್ಮ ದಫೇದಾರ್ರು ನನ್ನ ಕಡೆ ಬೆರಳು ತೋರಿಸಿದ್ರೆ?”

ಪ್ರಶ್ನೆ ನ್ಯಾಯವಾಗಿತ್ತು.

“ತೋರಿಸಿದ್ರೆ ಅದು ಅವರ ತಪ್ಪು ಅಂತ ಮ್ಯಾಜಿಸ್ಟ್ರೇಟರ ಮುಂದೆ ದಾಖಲಾಗುತ್ತೆ. ನಿಮ್ಮನ್ನ ನಾನೇ ಈ ಗೇಟಿನವರೆಗೆ ಬಿಟ್ಟು ಹೋಗ್ತೀನಿ. ಆಗಲಿಲ್ಲ ಅಂದ್ರೆ ಈ ಟೋಪಿ ಅಮ್ಮನ ಕೈಗೆ ಕೊಟ್ಟು ನಿಮ್ಮ ಜೊತೆ ಒಳಗೆ ಕೂರ್ತೀನಿ.”

ಟೀಚರ್ ಜನರ ಕಡೆಗೆ ತಿರುಗಿದಳು. ಅಲ್ಲಿದ್ದವರಲ್ಲಿ ಅರ್ಧಕ್ಕರ್ಧ ಅವಳ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರೇ.

“ಕೇಳಿಸ್ತಲ್ಲ? ಮಗ್ಗಿ ಹೇಳೋಕೆ ಕರೆದಾಗಲೂ ಹೀಗೇ ತಲೆ ತಗ್ಗಿಸಿ ನಿಲ್ತಿದ್ರಿ. ಆಗ ನಾನು ಬೈತಿದ್ದೆ. ಈಗ ಬೈಯಲ್ಲ. ಆದ್ರೆ ಅಲ್ಲಿ ಒಬ್ಬ ಒಂಟಿಯಾಗಿ ನಿಂತಿದಾನೆ. ಅವನ ಪಕ್ಕ ನಿಲ್ಲೋರು ಯಾರು?”

ಮೊದಲು ಒಬ್ಬ ಬಂದ. ಕ್ರೇನ್ ಓಡಿಸುವವನು. ಅವನ ಹಿಂದೆ ಮೀನುದೋಣಿಯವನು, ಆಮೇಲೆ ಔಷಧಿ ಅಂಗಡಿಯವನು. ಕೆಲವರು ಮುದುಕರು, ಕೆಲವರು ಗಡ್ಡ ಮೂಡದವರು; ಅವರನ್ನು ವಾಪಸ್ಸು ಕಳಿಸಿ ಆರಿಸಿದಾಗ ಏಳು ಮಂದಿ ಸಿಕ್ಕರು. ಏಳೂ ಜನ ಗೇಟು ದಾಟಿದರು. ಬಂದರಿನ ಕಡೆಯವರು ಆ ಗೇಟು ದಾಟುವಾಗ ಯಾವಾಗಲೂ ಯಾರದೋ ಕೈ ಅವರ ಕೊರಳಪಟ್ಟಿಯ ಮೇಲಿರುತ್ತಿತ್ತು. ಇವತ್ತು ಅವರು ತಮ್ಮ ಕಾಲಿನ ಮೇಲೆ, ತಮ್ಮ ಇಷ್ಟದಿಂದ, ಎದೆ ಸೆಟೆಸಿ ಒಳಗೆ ಬಂದರು. ಅದನ್ನು ನೋಡುತ್ತಿದ್ದ ಇನ್‌ಸ್ಪೆಕ್ಟರಿಗೆ ಹೆಮ್ಮೆಯಿಂದ ಕಣ್ಣು ಮಂಜಾಯಿತು. ಕೆಲಸದ ಹೊತ್ತಿನಲ್ಲಿ ಅಳುವ ಅಭ್ಯಾಸ ಇಲ್ಲದ್ದರಿಂದ ಅವಳು ಕೆಮ್ಮಿದಳು.

ಇನ್ನೂ ಒಬ್ಬ ಬೇಕಿತ್ತು.

ಶೆಡ್ಡಿನ ಬಾಗಿಲಲ್ಲಿ ಡ್ರೈವರ್ ಜೀಪಿನ ಗಾಜು ಒರೆಸುತ್ತಿದ್ದ. ಅದೇ ವಯಸ್ಸು, ಅದೇ ಮೈಕಟ್ಟು, ಅದೇ ಗಡ್ಡ. ಅವಳು ಅವನನ್ನು ಕರೆದು ಹೇಳಿದಾಗ ಅವನ ಕೈಯ ಬಟ್ಟೆ ನಿಂತಲ್ಲೇ ನಿಂತಿತು.

“ನಾನಾ? ಬೇಡ ಮೇಡಮ್. ದಫೇದಾರ್ರು ದಿನಾ ನನ್ನ ಪಕ್ಕದ ಸೀಟಲ್ಲೇ ಕೂತು ಬರ್ತಾರೆ. ನೋಡಿದ ತಕ್ಷಣ ಗೊತ್ತಾಗುತ್ತೆ.”

“ಗೊತ್ತಾಗಲಿ. ನಿಮ್ಮನ್ನ ಬಿಟ್ಟು ಮಿಕ್ಕವರನ್ನ ನೋಡ್ತಾರೆ. ಬೇರೆ ದಾರಿ ಇಲ್ಲ.”

ಅವನು ಟೋಪಿ ತೆಗೆದ. ಅಂಗಿಯ ಗುಂಡಿ ಬಿಚ್ಚುವಾಗ ಬಲಗೈಯ ಎರಡು ಬೆರಳು ಮಡಚಲು ಬರದೆ ಒದ್ದಾಡಿದ. ಗೆಣ್ಣುಗಳು ಊದಿಕೊಂಡು ನೀಲಿಗಟ್ಟಿದ್ದವು.

“ಏನಾಯ್ತು ಕೈಗೆ?”

“ಬಾನೆಟ್ ಬಿತ್ತು ಮೇಡಮ್.”

ಕ್ರೇನಿನವನ ಅಂಗಿಯ ಮೇಲಿನ ಹಳೇ ಜಾಕೆಟ್ಟನ್ನು ಇಸಿದುಕೊಂಡು ತೊಟ್ಟು ಅವನು ಸಾಲಿನ ಕೊನೆಗೆ ಹೋದ. ಗೇಟಿನ ಸರಳುಗಳ ಸಂದಿಯಿಂದ ಇದನ್ನೆಲ್ಲ ನೋಡುತ್ತಿದ್ದ ಟೀಚರ್ ಒಮ್ಮೆಲೇ ಕೂಗಿದಳು.

“ಏ, ಅವನು ಬೇಡ ಕಣೇ! ಅವನು ಪೊಲೀಸಲ್ವಾ? ಬೇರೆ ಯಾರನ್ನಾದ್ರೂ ಕರ್ಕೋ!”

“ಹೊತ್ತಾಗುತ್ತೆ ಅಮ್ಮಾ,” ಎಂದಳು ಮಗಳು. ಠಾಣೆಯ ಅಂಗಳದಲ್ಲಿ ತನ್ನನ್ನು ‘ಕಣೇ’ ಎಂದದ್ದಕ್ಕೆ ಅವಳಿಗೆ ಕೊಂಚ ನಾಚಿಕೆಯಾಗಿತ್ತು. ತಾಯಿಯ ಮುಖ ಯಾಕೆ ಹಾಗೆ ಬಿಳುಚಿಕೊಂಡಿತು ಎಂದು ಯೋಚಿಸಲು ಆಗ ಅವಳಿಗೆ ಪುರಸೊತ್ತಿರಲಿಲ್ಲ.

ಡ್ರೈವರ್ ಯಾರೆಂಬುದನ್ನು ಅವಳು ಮ್ಯಾಜಿಸ್ಟ್ರೇಟರಿಂದ ಮುಚ್ಚಿಡಲಿಲ್ಲ. ಅವರು ಕೇಳಿ ಹುಬ್ಬು ಗಂಟಿಕ್ಕಿದರು.

“ಸಾಕ್ಷಿಗೆ ಗುರುತಿರೋ ಮನುಷ್ಯ ಲೆಕ್ಕಕ್ಕೆ ಬರಲ್ಲ. ನಿಮ್ಮ ಸಾಲಲ್ಲಿ ಎಂಟೇ ಜನ ಅಂತ ಬರ್ಕೋತೀನಿ.”

“ಬರ್ಕೊಳ್ಳಿ ಸಾರ್.”

ಪರೇಡಿನ ಹೊತ್ತಿನಲ್ಲಿ ಪೊಲೀಸರು ಹತ್ತಿರ ಇರುವಂತಿರಲಿಲ್ಲ. ಅವಳು ತನ್ನ ಕೋಣೆಗೆ ಬಂದು ಕಿಟಕಿಯ ಸರಳು ಹಿಡಿದು ನಿಂತಳು. ಅಂಗಳದಲ್ಲಿ ತುತ್ತೂರಿಯವನು ತಾನೇ ಆರಿಸಿಕೊಂಡ ಜಾಗದಲ್ಲಿ, ಔಷಧಿ ಅಂಗಡಿಯವನ ಪಕ್ಕ ನಿಂತಿದ್ದ. ಮೂರು ದಿನದ ನಂತರ ಬಿಸಿಲಿಗೆ ಬಂದು ಅವನ ಕಣ್ಣು ಕೋರೈಸುತ್ತಿತ್ತು. ಪಕ್ಕದವನು ಅವನ ಹೆಗಲಿಗೆ ಮೆಲ್ಲಗೆ ಹೆಗಲು ತಾಗಿಸಿದ.

ದಫೇದಾರರನ್ನು ಕರೆತಂದರು. ಅವರು ಅವಸರ ಮಾಡಲಿಲ್ಲ. ಒಂದು ತುದಿಯಿಂದ ಹೊರಟು ಒಂದೊಂದು ಮುಖದ ಮುಂದೆಯೂ ನಿಂತರು. ತುತ್ತೂರಿಯವನ ಮುಂದೆಯೂ ನಿಂತರು.

ಇನ್‌ಸ್ಪೆಕ್ಟರ್ ಸರಳಿಗೆ ಹಣೆ ಒತ್ತಿದಳು.

ದಫೇದಾರರು ಮುಂದಕ್ಕೆ ಸರಿದರು. ಕ್ರೇನಿನವನು, ಮೀನುದೋಣಿಯವನು, ಇನ್ನೊಬ್ಬ, ಮತ್ತೊಬ್ಬ. ಕೊನೆಯವನ ಮುಂದೆ ಬಂದು ಕಣ್ಣು ಕಿರಿದು ಮಾಡಿದರು. ಅವರ ಕೈ ತಾನಾಗಿ ಹಣೆಯ ಬ್ಯಾಂಡೇಜಿಗೆ ಹೋಯಿತು.

“ಇವನೇ ಸಾರ್,” ಎಂದರು, ಕಡ್ಡಿ ಮುರಿದಂತೆ. “ಇವನೇ ಕೈ ಎತ್ತಿದವನು. ಎಳ್ಳಷ್ಟೂ ಅನುಮಾನ ಇಲ್ಲ.”

ಅವರ ಬೆರಳು ಡ್ರೈವರನ ಎದೆಯನ್ನು ಮುಟ್ಟುತ್ತಿತ್ತು.

ಮ್ಯಾಜಿಸ್ಟ್ರೇಟರು ಸೀನುವುದನ್ನೂ ಮರೆತರು. ಅವರು ಕರೆಸುವವರೆಗೂ ಕಾಯದೆ ಇನ್‌ಸ್ಪೆಕ್ಟರ್ ಅಂಗಳಕ್ಕೆ ಓಡಿ ಬಂದಿದ್ದಳು. ಅವಳ ಕೈಯಲ್ಲಿ ಶೆಡ್ಡಿನ ಗೂಟದಿಂದ ತೆಗೆದುಕೊಂಡ ಟೋಪಿ ಇತ್ತು.

“ಡ್ರೈವರ್, ಇದನ್ನ ಹಾಕ್ಕೊಳ್ಳಿ.”

ಅವನು ಟೋಪಿ ಹಾಕಿಕೊಂಡ. ರೂಢಿಯಂತೆ ಹುಬ್ಬಿನವರೆಗೆ ಎಳೆದುಕೊಂಡ.

ದಫೇದಾರರು ನೋಡಿದರು. ಮತ್ತೆ ನೋಡಿದರು. ಅವರ ಬಾಯಿ ತೆರೆದುಕೊಂಡಿತು.

“ಡ್ರೈವರ್?” ಎಂದರು, ಯಾರೋ ಸತ್ತವನು ಎದ್ದು ಬಂದದ್ದನ್ನು ಕಂಡ ಹಾಗೆ.

“ಇವರಿಗೆ ನಿಮ್ಮ ಜೊತೆ ಎಷ್ಟು ವರ್ಷದ ಡ್ಯೂಟಿ ದಫೇದಾರ್ರೇ?”

“ಐದು... ಐದು ವರ್ಷ.”

“ಇವರ ಮಗಳ ನಾಮಕರಣಕ್ಕೆ ನೀವು ಹೋಗಿದ್ರಿ. ಉಂಡು ಬಂದಿದ್ರಿ. ಟೋಪಿ ಇಲ್ಲದೆ ಇವರ ಮುಖ ನೀವು ಯಾವತ್ತೂ ನೋಡಿಲ್ವಾ? ಅಲ್ಲ, ನಿಮ್ಮ ಕಣ್ಣಿಗೆ ಬಿತ್ತು, ನೀವು ನೋಡಲಿಲ್ಲ. ಸೋಮವಾರ ತುತ್ತೂರಿಯವನೇ ಅಂದ್ರಿ. ಅವನಿಗೆ ಮೂರು ದಿನ ಲಾಕಪ್ಪು. ಇವತ್ತು ಅವನ ಮುಂದೇನೇ ದಾಟಿ ಹೋಗಿ ಇವರೇ ಅಂದ್ರಿ. ನಾಳೆ ಯಾರು? ನಾನಾ?”

ಅವಳ ದನಿ ಏರಿರಲಿಲ್ಲ. ಆದರೂ ಅಂಗಳದಲ್ಲಿದ್ದ ಒಬ್ಬೊಬ್ಬರಿಗೂ ಅದು ಕೇಳಿಸಿತು.

ದಫೇದಾರರು ಶೆಡ್ಡಿನ ಮುಂದಿದ್ದ ಬೆಂಚಿನ ಮೇಲೆ ಕುಸಿದರು. ಮತ್ತೆ ಎದ್ದರು. ಅವರನ್ನು ಏನಾದರೂ ಅನ್ನಿ, ಬೆನ್ನು ತೋರಿಸುವ ಮನುಷ್ಯನಾಗಿರಲಿಲ್ಲ.

“ಸಾರ್, ತುತ್ತೂರಿಯವನ ಮೇಲೆ ಕೊಟ್ಟ ಹೇಳಿಕೆ ವಾಪಸ್ ತಗೋತೀನಿ,” ಎಂದು ಮ್ಯಾಜಿಸ್ಟ್ರೇಟರಿಗೆ ಹೇಳಿದರು. ತುತ್ತೂರಿಯವನ ಕಡೆ ತಿರುಗಿ ಕೈ ಮುಗಿಯಲು ಹೋಗಿ, ಅರ್ಧಕ್ಕೆ ನಿಲ್ಲಿಸಿ, ಕೊನೆಗೆ ಮುಗಿದೇಬಿಟ್ಟರು. “ತಪ್ಪಾಯ್ತು ಕಣಪ್ಪ.”

“ನನ್ನ ತುತ್ತೂರಿ ಕೊಟ್ಬಿಡಿ ಸಾರ್,” ಎಂದ ಅವನು. “ಅದು ಆಯುಧ ಅಲ್ಲ.”

ಒಳಗೆ ಹೋಗುವಾಗ ದಫೇದಾರರು ಇನ್‌ಸ್ಪೆಕ್ಟರ್ ಪಕ್ಕ ಒಂದು ಕ್ಷಣ ನಿಂತರು.

“ನೀವು ಅಂದಿದ್ದೆಲ್ಲ ನನಗೆ ಸಲ್ಲಬೇಕಾದ್ದೇ ಮೇಡಮ್. ಆದ್ರೂ ಒಂದು ಮಾತು. ಸೋಮವಾರ ದೀಪದ ಕೆಳಗೆ ನಾನು ಕಂಡ ಮುಖ...” ಅವರು ತಲೆ ಕೊಡವಿದರು. “ಬಿಡಿ. ಈ ಕಣ್ಣನ್ನ ಇನ್ನು ನಾನೇ ನಂಬಲ್ಲ.”

ಗೇಟು ತೆರೆಯಿತು. ಏಳು ಜನರ ನಡುವೆ ತುತ್ತೂರಿಯವನು ಹೊರಗೆ ಹೆಜ್ಜೆಯಿಟ್ಟಾಗ ಎದ್ದ ಕೂಗಿಗೆ ಮೋಟುಗೋಡೆಯ ಬೆಕ್ಕು ಬೆಚ್ಚಿ ಓಡಿತು. ಯಾರೋ ಅವನನ್ನು ಹೆಗಲ ಮೇಲೆ ಎತ್ತಿಕೊಂಡರು. ಅವನು ನೆಗ್ಗಿದ ತುತ್ತೂರಿಗೆ ಬಾಯಿ ಇಟ್ಟ. ಮೊದಲು ಗೊಗ್ಗರು ಸದ್ದು ಬಂತು, ಜನ ನಕ್ಕರು. ಎರಡನೆಯ ಸಲ ಸ್ವರ ಸ್ವಚ್ಛವಾಗಿ, ಬೀದಿಯ ಆ ತುದಿಯವರೆಗೂ ಕೇಳುವಂತೆ ಎದ್ದಿತು.

“ನಮ್ಮ ಇನ್‌ಸ್ಪೆಕ್ಟರಮ್ಮ!” ಎಂದು ಒಬ್ಬ ಕೂಗಿದ. ಆ ಜನ ಪೊಲೀಸಿನವರ ಮುಂದೆ ‘ನಮ್ಮ’ ಎಂಬ ಪದ ಸೇರಿಸಿದ್ದು ಅವಳ ನೆನಪಿನಲ್ಲಿ ಅದೇ ಮೊದಲು. ಟೋಪಿ ಹಾಕಿಕೊಂಡ ದಿನದಿಂದ ಅವಳು ಕಾದಿದ್ದು ಈ ಒಂದು ಪದಕ್ಕೇ. ಜನರ ತಲೆಗಳ ನಡುವೆ ತಾಯಿ ಫಲಕವನ್ನು ಎತ್ತಿ ಹಿಡಿದು ಮಗಳನ್ನೇ ನೋಡುತ್ತಿದ್ದಳು, ಲೆಕ್ಕ ಸರಿ ಬಂದಾಗ ನೋಡುವ ಹಾಗೆ.

“ಮೇಡಮ್.”

ಡ್ರೈವರ್ ಹಿಂದೆ ನಿಂತಿದ್ದ. ಜಾಕೆಟ್ ವಾಪಸ್ಸು ಕೊಟ್ಟು ಯೂನಿಫಾರ್ಮ್ ಹಾಕಿಕೊಂಡಿದ್ದ. ಟೋಪಿ ಮಾತ್ರ ಕೈಯಲ್ಲಿತ್ತು.

“ಬನ್ನಿ ಡ್ರೈವರ್. ಇವತ್ತು ನಿಮ್ಮಿಂದ ಒಬ್ಬನ ಜೀವ ಉಳೀತು.”

“ದಫೇದಾರ್ರು ತುತ್ತೂರಿಯವನನ್ನ ಹಿಡಿಸಿದ್ದು ತಪ್ಪು ಮೇಡಮ್. ನನ್ನ ಮುಖ ಮರೆತಿದ್ದೂ ತಪ್ಪು. ಆದ್ರೆ ಇವತ್ತು ಬೆರಳು ತೋರಿಸಿದ್ದು ತಪ್ಪಲ್ಲ.”

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಅವಳು ಗೇಟಿಗೆ ಬೆನ್ನು ಮಾಡಿ ನಿಂತಳು.

“ಸೋಮವಾರ ನೀವು ರಜೆಯಲ್ಲಿದ್ರಿ. ಮಗಳಿಗೆ ಜ್ವರ ಅಂದಿದ್ರಿ.”

“ಜ್ವರ ಇರಲಿಲ್ಲ. ಟೋಪಿ ಮನೇಲಿಟ್ಟು ಮೆರವಣಿಗೆಗೆ ಹೋಗಿದ್ದೆ. ಆ ಸೈಕಲ್ ಹುಡುಗನ ಕೈ ಮುರಿದಾಗ ಅವನನ್ನ ಜೀಪಿಗೆ ಹಾಕ್ಕೊಂಡು ಬಂದವನು ನಾನೇ. ನಿದ್ದೆ ಬರ್ತಿರಲಿಲ್ಲ ಮೇಡಮ್.” ಅವನು ಊದಿದ ಬೆರಳುಗಳನ್ನು ಮುಂದೆ ಚಾಚಿದ. “ಬಾನೆಟ್ ಬಿದ್ದಿದ್ದಲ್ಲ ಇದು. ಕಲ್ಲು ನಾನು ಎಸೀಲಿಲ್ಲ. ಎಸೆಯೋ ಕೈಯನ್ನ ತಡೆಯೋಕೆ ಹೋದೆ. ಕಲ್ಲು ನನ್ನ ಬೆರಳಿಗೆ ತಾಗಿಕೊಂಡೇ ಹೋಯ್ತು. ದಫೇದಾರ್ರು ಕಂಡಿದ್ದು ಎತ್ತಿದ ನನ್ನ ಕೈ, ನನ್ನ ಮುಖ.”

ಹೊರಗೆ ತುತ್ತೂರಿ ಇನ್ನೂ ಮೊಳಗುತ್ತಿತ್ತು. ಅವಳು ತಗ್ಗಿದ ದನಿಯಲ್ಲಿ ಕೇಳಿದಳು.

“ಹಾಗಾದ್ರೆ ಎಸೆದವರನ್ನ ನೋಡಿದೀರಿ.”

“ನೋಡಿದೀನಿ.”

“ಯಾರು?”

“ಹೇಳಲ್ಲ ಅಂತ ಮಾತು ಕೊಟ್ಟಿದೀನಿ ಮೇಡಮ್.”

“ಯಾರಿಗೆ ಮಾತು ಕೊಟ್ಟಿರೋದು?”

ಡ್ರೈವರ್ ಗೇಟಿನ ಕಡೆ ನೋಡಿದ.

“ನಮ್ಮ ಟೀಚರಿಗೆ.”

ಇನ್‌ಸ್ಪೆಕ್ಟರ್ ಟೋಪಿಯನ್ನು ನೇರ ಮಾಡಿಕೊಂಡು, ಅಂಗಳ ದಾಟಿ, ಗೇಟಿನ ಕಡೆ ನಡೆದಳು. ಅವಳನ್ನು ಕಂಡು ಜನ ಮತ್ತೆ ಚಪ್ಪಾಳೆ ತಟ್ಟಿದರು. ಮಗಳ ಮುಖ ನೋಡಿದ ತಾಯಿ ಮಾತ್ರ ತಟ್ಟಲಿಲ್ಲ. ಬೆಳಗಿನಿಂದ ಒಮ್ಮೆಯೂ ತಗ್ಗಿಸದಿದ್ದ ಫಲಕವನ್ನು ಅವಳು ಮೆಲ್ಲಗೆ ಕೆಳಗಿಳಿಸಿದಳು.